ರಾತ್ರಿ ಪಾಳಿಗೆ ಒಬ್ಬರೇ ಸಿಸ್ಟರ್ ಇರುವ ವಾರ್ಡು: ಮೊದಲು ಎಲ್ಲಿ ಕೈ ಹಾಕಬೇಕು?

ಕೇಳಿದ್ದು (ವಾರ್ಡ್ ಇನ್‌ಚಾರ್ಜ್): ನಮ್ಮದು ತಾಲೂಕು ಮಟ್ಟದ 50 ಹಾಸಿಗೆಯ ಆಸ್ಪತ್ರೆ. ಜನರಲ್ ವಾರ್ಡಿಗೆ ರಾತ್ರಿ ಒಬ್ಬರೇ ಸಿಸ್ಟರ್. ರಿಜಿಸ್ಟರೆಲ್ಲ ತುಂಬಿವೆ, ಆದರೂ ಔಷಧ ಅದಲುಬದಲಾಗೋದು, ಬೆಡ್‌ಸೋರ್ (ಮಲಗಿದ್ದಲ್ಲೇ ಆಗೋ ಒತ್ತಡದ ಹುಣ್ಣು), ಡ್ರಿಪ್ ಹಾಕಿದ ಕೈ ಊದೋದು ನಿಂತಿಲ್ಲ. ಹೊಸಬರನ್ನು ತಗೊಳ್ಳೋದು, ದೊಡ್ಡ ಖರ್ಚು ಮಾಡೋದು ಎರಡೂ ಆಗದ ಮಾತು. ಅನುಭವ ಇರುವವರು ಹೇಳಿ.

ಆಸ್ಪತ್ರೆ ಫಾರ್ಮಸಿಸ್ಟ್: ಇನ್ಸುಲಿನ್‌ನಿಂದ ಶುರು ಮಾಡಿ ಮೇಡಂ. ವಯಲ್ (ಔಷಧದ ಚಿಕ್ಕ ಸೀಸೆ) ಎರಡು ಬಗೆ ಬರುತ್ತೆ, ಮಿಲಿಗೆ 40 ಯೂನಿಟ್‌ದು ಮತ್ತು 100 ಯೂನಿಟ್‌ದು. ಸಿರಿಂಜೂ ಎರಡು: ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 100ರ ವಯಲ್‌ನಿಂದ ಕೆಂಪು ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಬರೋದು ಅರ್ಧ ಮಿಲಿ, ಅಂದರೆ 50 ಯೂನಿಟ್. ಸಕ್ಕರೆ ಪೂರ್ತಿ ಕುಸಿಯೋದು ಮಧ್ಯರಾತ್ರಿ ಮೇಲೆ, ಪಕ್ಕದಲ್ಲಿರೋರು ನಿದ್ದೆ ಅಂದುಕೊಂಡಿರ್ತಾರೆ. ಉಲ್ಟಾ ಆದರೆ ಸಕ್ಕರೆ ಇಳಿಯೋದೇ ಇಲ್ಲ. ಡಾಕ್ಟರು ಡೋಸ್ ಏರಿಸ್ತಾ ಹೋಗ್ತಾರೆ, ಆಮೇಲೆ ಯಾವತ್ತೋ ಸರಿಯಾದ ಸಿರಿಂಜ್ ಕೈಗೆ ಸಿಕ್ಕಾಗ ಅನಾಹುತ.

ಇಡೀ ಆಸ್ಪತ್ರೆಗೆ ಒಂದೇ ಬಗೆಯ ವಯಲ್, ಅದಕ್ಕೆ ಹೊಂದೋ ಒಂದೇ ಸಿರಿಂಜ್ ತರಿಸಿ. ಇನ್ನೊಂದು ಬಗೆ ಸ್ಟೋರಿಗೂ ಬರಬಾರದು. ರೋಗಿ ಮನೆಯಿಂದ ತಂದ ವಯಲ್ ಫ್ರಿಜ್‌ಗೆ ಸೇರೋಕೆ ಮೊದಲು ಲೇಬಲ್ ಓದಿ. ಇನ್ಸುಲಿನ್ ಪೆನ್ನಿನ ಕಾರ್ಟ್ರಿಜ್‌ಗೆ ಸಿರಿಂಜ್ ಚುಚ್ಚಿ ಎಳೆಯೋ ಅಭ್ಯಾಸ ಕಂಡರೆ ಅವತ್ತೇ ನಿಲ್ಲಿಸಿ. ಚಾರ್ಟಿನಲ್ಲಿ ‘ಯೂನಿಟ್’ ಅಂತ ಪೂರ್ತಿ ಬರೆಸಿ. ಅಂಕಿಯ ಪಕ್ಕ ಇಂಗ್ಲಿಷಿನ ‘ಯು’ ಒಂದೇ ಬರೆದರೆ ಅದು ಸೊನ್ನೆಯ ಹಾಗೆ ಕಂಡು 10 ಹೋಗಿ 100 ಆಗುತ್ತೆ.

ಎರಡನೇದು ಪೊಟ್ಯಾಸಿಯಂ ಕ್ಲೋರೈಡ್. 10 ಮಿಲಿ ಆಂಪೂಲ್‌ನಲ್ಲಿ 20 ಮಿಲಿಈಕ್ವಿವಲೆಂಟ್ (mEq, ಪೊಟ್ಯಾಸಿಯಂ ಪ್ರಮಾಣದ ಅಳತೆ, ಮಿಲಿಲೀಟರ್ ಅಲ್ಲ) ಇರುತ್ತೆ, ನೋಡೋಕೆ ಡಿಸ್ಟಿಲ್ಡ್ ವಾಟರ್ ಆಂಪೂಲ್ ಥರಾನೇ. ನೇರವಾಗಿ ನರಕ್ಕೆ ಕೊಟ್ಟರೆ ಹೃದಯ ನಿಲ್ಲುತ್ತೆ. ಜನರಲ್ ವಾರ್ಡಿನ ಟ್ರೇಯಿಂದ ಅದನ್ನು ಎತ್ತಿಬಿಡಿ, ಬೇಕಾದಾಗ ಬೀಗ ಹಾಕಿದ ಕಪಾಟಿಂದ ಬರಲಿ. 500 ಮಿಲಿ ಸಲೈನಿಗೆ ಒಂದು ಆಂಪೂಲ್, ಕೈಯ ನರದಲ್ಲಾದರೆ ಗಂಟೆಗೆ 10 mEqಗಿಂತ ಹೆಚ್ಚು ಹೋಗಬಾರದು. ಅಂದರೆ ಆ ಬಾಟಲಿ ಕನಿಷ್ಠ 2 ಗಂಟೆ ಓಡಬೇಕು. ನೇತುಹಾಕಿದ ಬಾಟಲಿಗೇ ಸೇರಿಸಿದರೆ ಔಷಧ ತಳದಲ್ಲಿ ಕೂತು ಮೊದಲಿಗೇ ಎಲ್ಲ ಹೋಗಿಬಿಡುತ್ತೆ. ಕ್ಲಾಂಪ್ ಮುಚ್ಚಿ, ಬಾಟಲಿ ಕೆಳಗಿಳಿಸಿ, ಸೇರಿಸಿ, ಹತ್ತು ಸಲ ತಲೆಕೆಳಗು ಮಾಡಿ ಆಮೇಲೆ ಹಾಕಿ.

ನರ್ಸಿಂಗ್ ಸೂಪರಿಂಟೆಂಡೆಂಟ್: ಮೇಲಿನದ್ದು ಸರಿ. ಆದರೆ ಅದಲುಬದಲು ಆಗೋದು ಹೆಚ್ಚಾಗಿ ಕಿಡ್ನಿ ಟ್ರೇಯಲ್ಲಿ (ಇಂಜೆಕ್ಷನ್ ಇಟ್ಟುಕೊಳ್ಳೋ ಬಾಗಿದ ತಟ್ಟೆ). ಹತ್ತು ಜನರ ಇಂಜೆಕ್ಷನ್ ಒಟ್ಟಿಗೆ ಎಳೆದು, ಲೇಬಲ್ ಇಲ್ಲದೆ ಸಾಲಾಗಿಟ್ಟುಕೊಂಡು ಹೊರಟರೆ ಮಧ್ಯೆ ಒಂದು ಫೋನ್ ಸಾಕು, ಸಾಲು ತಪ್ಪುತ್ತೆ. ಒಬ್ಬರದು ಎಳೆಯಿರಿ, ಅವರಿಗೆ ಕೊಡಿ, ಚಾರ್ಟಿಗೆ ಸಹಿ ಮಾಡಿ, ಆಮೇಲೆ ಇನ್ನೊಬ್ಬರದು. ನಿಧಾನ ಅಂತಾರೆ, ನಿಜವಾಗಿ ಹೆಚ್ಚು ಹೊತ್ತೇನೂ ಹಿಡಿಯೋಲ್ಲ.

“ಲಕ್ಷ್ಮಮ್ಮ ನೀವೇನಾ?” ಅಂತ ಕೇಳಬೇಡಿ. ಕಿವಿ ಮಂದ ಇರೋ ಅಜ್ಜಿ ಯಾವ ಹೆಸರಿಗೂ “ಹ್ಞೂಂ” ಅಂತಾರೆ. “ನಿಮ್ಮ ಹೆಸರು ಹೇಳಿ ಅಜ್ಜಿ” ಅಂತ ಕೇಳಿ, ಕೈಪಟ್ಟಿಯ ಐಪಿ ನಂಬರ್ (ಒಳರೋಗಿ ಸಂಖ್ಯೆ) ಚಾರ್ಟಿಗೆ ತಾಳೆ ನೋಡಿ. ಬೆಡ್ ನಂಬರ್ ಗುರುತೇ ಅಲ್ಲ, ಫ್ಯಾನ್ ಕೆಳಗೆ ಬೇಕು ಅಂತ ಸಂಜೆ ಬೆಡ್ ಬದಲಾಗಿರುತ್ತೆ. ಫೋನಿನಲ್ಲಿ ಬಂದ ಆರ್ಡರ್ ಬರೆದುಕೊಂಡು ವಾಪಸ್ ಓದಿ. ‘ಫಿಫ್ಟೀನ್’, ‘ಫಿಫ್ಟಿ’ ಒಂದೇ ಥರ ಕೇಳಿಸುತ್ತೆ, ‘ಒಂದು, ಐದು’ ಅಂತ ಅಂಕಿ ಬಿಡಿಸಿ ಹೇಳಿ.

ಗಾಯ ಆರೈಕೆ ನರ್ಸ್: ಬೆಡ್‌ಸೋರ್ ಬಗ್ಗೆ. ಎರಡು ಗಂಟೆಗೊಮ್ಮೆ ಮಗ್ಗುಲು ಅಂತ ಎಲ್ಲರೂ ಬರೀತಾರೆ, ಹೇಗೆ ಅನ್ನೋದೇ ಮುಖ್ಯ. ಪೂರ್ತಿ ಪಕ್ಕಕ್ಕೆ ತಿರುಗಿಸಿದರೆ ಭಾರವೆಲ್ಲ ಸೊಂಟದ ಮೂಳೆ ಮೇಲೆ. ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿ ಮಾತ್ರ ವಾಲಿಸಿ. ಮೀನಖಂಡದ ಕೆಳಗೆ ಉದ್ದಕ್ಕೆ ದಿಂಬಿಟ್ಟು ಹಿಮ್ಮಡಿ ಪೂರ್ತಿ ಎತ್ತಿ, ಬೆಡ್‌ಶೀಟಿಗೂ ಹಿಮ್ಮಡಿಗೂ ನಡುವೆ ಒಂದು ಹಾಳೆ ಸಲೀಸಾಗಿ ತೂರಬೇಕು. ನೀರು ತುಂಬಿದ ಗ್ಲೌಸ್, ರಬ್ಬರ್ ರಿಂಗ್ ಎರಡೂ ಬೇಡ. ರಿಂಗಿನ ಅಂಚೇ ಸುತ್ತಲಿನ ರಕ್ತ ತಡೆಯುತ್ತೆ.

ಕೆಂಪಾಗಿರೋ ಕಡೆ ಬೆರಳೊತ್ತಿ ಬಿಡಿ. ಬಿಳಿಚದೆ ಹಾಗೇ ಉಳಿದರೆ ಹುಣ್ಣಿನ ಮೊದಲ ಹಂತ. ನಮ್ಮವರ ಕಪ್ಪು ಮೈಯಲ್ಲಿ ಕೆಂಪು ಕಾಣೋದೇ ಇಲ್ಲ, ಅಕ್ಕಪಕ್ಕದ ಚರ್ಮಕ್ಕಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ ಅಂತ ಮುಟ್ಟಿ ನೋಡಿ. ಅಲ್ಲಿ ಸ್ಪಿರಿಟ್, ಪೌಡರ್ ಹಾಕಿ ತಿಕ್ಕಬೇಡಿ. ಏರ್‌ಬೆಡ್ ಇದ್ದರೆ ಪಂಪನ್ನು ರೋಗಿಯ ತೂಕಕ್ಕೆ ಹೊಂದಿಸಿ. ಗಾಳಿ ಹೆಚ್ಚಾದರೆ ಹಲಗೆ, ಕರೆಂಟ್ ಹೋದರೆ ಬರೀ ಮಂಚ. ಏರ್‌ಬೆಡ್ ಇದೆ ಅಂತ ಮಗ್ಗುಲು ಬಿಡೋದಂತೂ ಆಗದು.

ಟ್ಯೂಬಿನಲ್ಲಿ ಆಹಾರ ಕೊಡೋರಿಗೆ ತಲೆಕಡೆ 30 ಡಿಗ್ರಿ ಬೇಕೇಬೇಕು. ಮೊದಲು ಮೊಣಕಾಲ ಕೆಳಗೆ ದಿಂಬು, ಆಮೇಲೆ ತಲೆ ಏರಿಸಿ. ಇಲ್ಲದಿದ್ದರೆ ಜಾರಿ ಜಾರಿ ಟೊಂಕದ ಚರ್ಮ ಸುಲಿಯುತ್ತೆ. ಅಟೆಂಡರ್‌ಗೆ ಇದನ್ನೆಲ್ಲ ಹಗಲೇ ಒಮ್ಮೆ ಮಾಡಿ ತೋರಿಸಿ.

ಸೋಂಕು ನಿಯಂತ್ರಣ ನರ್ಸ್: ಡ್ರಿಪ್: ಹಾಕಿದ ದಿನ, ಗಂಟೆ ಪ್ಲಾಸ್ಟರ್ ಮೇಲೆಯೇ ಬರೆಯಿರಿ. ಚುಚ್ಚಿದ ಜಾಗ ಕಾಣೋ ಹಾಗಿರಲಿ, ಸುತ್ತಲೂ ಪ್ಲಾಸ್ಟರ್ ಸುತ್ತಿಬಿಟ್ಟರೆ ಊತ ತಿಳಿಯೋದು ತಡವಾಗುತ್ತೆ. ನೋವಿನ ಜೊತೆ ಕೆಂಪು ಅಥವಾ ಊತ ಇದ್ದರೆ ತೆಗೆದು ಬೇರೆ ಕಡೆ ಹಾಕಿ. ‘ಇರಲಿ ಬಿಡಿ, ಬೇಕಾಗಬಹುದು’ ಅಂತ ಉಳಿಸಿಕೊಂಡ ಕ್ಯಾನುಲಾದಿಂದಲೇ (ನರದೊಳಗಿನ ಡ್ರಿಪ್ ನಳಿಕೆ) ತೊಂದರೆ ಜಾಸ್ತಿ. ಪ್ರತಿ ಇಂಜೆಕ್ಷನ್‌ಗೂ ಮೊದಲು ಹಬ್ (ಸಿರಿಂಜ್ ಜೋಡಿಸೋ ಕ್ಯಾನುಲಾದ ಬಾಯಿ) ಅನ್ನು ಸ್ಪಿರಿಟ್ ಹತ್ತಿಯಿಂದ 15 ಸೆಕೆಂಡ್ ಉಜ್ಜಿ ಒಣಗೋಕೆ ಬಿಡಿ.

ಹ್ಯಾಂಡ್‌ರಬ್ (ಕೈಗೆ ಉಜ್ಜಿಕೊಳ್ಳೋ ಸ್ಯಾನಿಟೈಸರ್) ಫಾರ್ಮಸಿಯಲ್ಲೇ ಮಾಡಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಳತೆ 10 ಲೀಟರಿಗೆ: 96% ಎಥನಾಲ್ 8333 ಮಿಲಿ, 3% ಹೈಡ್ರೋಜನ್ ಪೆರಾಕ್ಸೈಡ್ 417 ಮಿಲಿ, 98% ಗ್ಲಿಸರಿನ್ 145 ಮಿಲಿ, ಉಳಿದದ್ದು ಕುದಿಸಿ ಆರಿಸಿದ ನೀರು. 72 ಗಂಟೆ ಮುಚ್ಚಿಟ್ಟು ಆಮೇಲೆ ಬಳಸಿ. ಬಾಟಲಿ ಮಂಚದ ಕಾಲಕಡೆ ನೇತಾಡಲಿ, ಸಿಂಕಿನ ತನಕ ರಾತ್ರಿ ಯಾರೂ ನಡೆಯೋಲ್ಲ. ಕೈ ಕೊಳೆಯಾಗಿ ಕಂಡರೆ ಮಾತ್ರ ಸೋಪು ನೀರೇ ಬೇಕು.

ಕೇಳಿದವರು: ಇನ್ಸುಲಿನ್‌ಗೆ, ರಕ್ತಕ್ಕೆ ಇಬ್ಬರು ನೋಡಬೇಕು ಅಂತಾರೆ. ರಾತ್ರಿ ಎರಡನೆಯವರು ಎಲ್ಲಿಂದ ಬರಬೇಕು?

ನರ್ಸಿಂಗ್ ಸೂಪರಿಂಟೆಂಡೆಂಟ್: ಎಲ್ಲ ಔಷಧಕ್ಕೂ ಇಬ್ಬರ ಸಹಿ ಅಂದರೆ ಅದು ಸುಳ್ಳು ಸಹಿಯಾಗುತ್ತೆ. ಇನ್ಸುಲಿನ್, ಹೆಪಾರಿನ್ (ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ಔಷಧ), ಪೊಟ್ಯಾಸಿಯಂ, ರಕ್ತ ಇಷ್ಟಕ್ಕೇ ಇರಲಿ. ಪಕ್ಕದ ವಾರ್ಡಿನ ಸಿಸ್ಟರನ್ನೋ ಡ್ಯೂಟಿ ಡಾಕ್ಟರನ್ನೋ ಕರೆಯಿರಿ. ರಕ್ತದ ಬ್ಯಾಗ್ ನಂಬರ್, ಗುಂಪು, ಹೆಸರು ತಾಳೆ ನೋಡೋದು ರೋಗಿಯ ಪಕ್ಕದಲ್ಲೇ ಆಗಬೇಕು, ಸಿಸ್ಟರ್ ಟೇಬಲ್ಲಿನಲ್ಲಲ್ಲ. ಫ್ರಿಜ್‌ನಿಂದ ತೆಗೆದ 30 ನಿಮಿಷದೊಳಗೆ ಶುರು, 4 ಗಂಟೆಯೊಳಗೆ ಮುಗಿತಾಯ, ಮೊದಲ 15 ನಿಮಿಷ ಅಲ್ಲೇ ನಿಲ್ಲಬೇಕು. ಒಬ್ಬರೇ ಇರೋ ರಾತ್ರಿಯಲ್ಲಿ ಆ 15 ನಿಮಿಷ ಸಿಗೋಲ್ಲ. ಹಾಗಾಗಿ ತುರ್ತಲ್ಲದ ರಕ್ತವನ್ನು ಬೆಳಿಗ್ಗೆ ಪಾಳಿಗೇ ಹಾಕಿಸಿ ಅಂತ ಡಾಕ್ಟರ ಹತ್ತಿರ ಲಿಖಿತವಾಗಿ ಒಪ್ಪಿಸಿಕೊಳ್ಳಿ.