ಸಹಾಯ ಬೇಕು: ಟೊಮೆಟೊ ಹೂ ನಿಲ್ಲುತ್ತಿಲ್ಲ

ನಮಸ್ಕಾರ. ರಾಯಚೂರಿನಲ್ಲಿ ನಮ್ಮ ಹಿತ್ತಲಿನ ಕೈತೋಟಕ್ಕೆ ಇದು ಮೊದಲ ಬಿರುಬೇಸಿಗೆ. ಬೆಂಡೆ, ಚವಳಿಕಾಯಿ ಬಿಸಿಲಿಗೆ ಜಗ್ಗದೆ ನಿಂತಿವೆ, ಸಂಕಟವೆಲ್ಲ ಟೊಮೆಟೊದ್ದು. ಹನ್ನೆರಡು ಗಿಡಗಳೂ ಮೈತುಂಬ ಹೂ ಬಿಡುತ್ತವೆ. ಎರಡೇ ದಿನಕ್ಕೆ ತೊಟ್ಟು ಹಳದಿಯಾಗಿ, ಬೆರಳು ತಾಕಿದರೂ ಹೂ ಕಳಚಿ ಬೀಳುತ್ತದೆ. ಹಗಲು 40 ಡಿಗ್ರಿ ದಾಟುತ್ತಿದೆ. 35ರ ಮೇಲೆ ಪರಾಗ ಸೊರಗಿ ಕಾಯಿ ಕಚ್ಚುವುದು ಕಷ್ಟವೆಂದು ಬಲ್ಲೆ. ಬುಡಕ್ಕೆ ಭತ್ತದ ಹುಲ್ಲು ಹೊದಿಸಿ, ನಸುಕಿನಲ್ಲೇ ನೀರುಣಿಸುತ್ತಿದ್ದೇನೆ. ಅವ್ವನ ಹಳೆಯ ಸೀರೆಯನ್ನು ನೆರಳಿಗೆ ಕಟ್ಟಿದ್ದೇನೆ.

ಶೇ 50ರ ಹಸಿರು ನೆರಳು ಪರದೆ ಹಾಕಿದರೆ ಹೂ ನಿಂತೀತೇ? ಇಲ್ಲವೇ ಕೊಂಬೆ ಸವರಿ, ಮುಂಗಾರಿನವರೆಗೆ ಗಿಡವನ್ನಷ್ಟೇ ಉಳಿಸಿಕೊಳ್ಳಲೇ? ನಮ್ಮ ಕಡೆಯ ಬಿಸಿಲಿನಲ್ಲಿ ಬೆಳೆದು ನೋಡಿದವರು ದಯವಿಟ್ಟು ತಿಳಿಸಿ. ಬೀಜದಿಂದ ಎಬ್ಬಿಸಿದ ಸಸಿಗಳಿವು, ಕಿತ್ತುಹಾಕಲು ಕೈ ಬರುತ್ತಿಲ್ಲ.