ಸ್ಲಡ್ಜ್ ಬಿಲ್ಡಿಂಗ್ ಪ್ಲಾನ್ ಟೇಬಲ್ ಮೇಲಿದೆ, ಒಪ್ಪುವ ಮೊದಲು ಏನೇನು ನೋಡಬೇಕು?

ಮಲೆನಾಡ ಸಿವಿಲ್:

ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಕಡೆ ಒಂದು ಊರಿನಲ್ಲಿ ಒಳಚರಂಡಿ ಕೆಲಸ ನೋಡಿಕೊಳ್ಳುತ್ತೇನೆ. ಓದಿದವಳು ಸಿವಿಲ್. ಇಷ್ಟು ದಿನ ಮಾಡಿದ್ದು ಪೈಪು, ಮ್ಯಾನ್‌ಹೋಲು, ರಸ್ತೆ ಅಗೆದದ್ದಕ್ಕೆ ಜನರ ಹತ್ತಿರ ಬೈಸಿಕೊಳ್ಳುವುದು. ಈಗ ನಮ್ಮ 12 ಎಂಎಲ್‌ಡಿ (ದಿನಕ್ಕೆ 1.2 ಕೋಟಿ ಲೀಟರ್) ಎಸ್‌ಟಿಪಿಗೆ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ, ಹೊಸ ಸ್ಲಡ್ಜ್ (ಕೆಸರು) ಬಿಲ್ಡಿಂಗ್ ಬೇಕು ಅಂತ ತೀರ್ಮಾನ ಆಗಿ ಫೈಲು ನನ್ನ ತಲೆಗೆ ಬಂದಿದೆ.

ಸದ್ಯಕ್ಕೆ ಇರುವುದು ಮರಳಿನ ಒಣಗು ಬೆಡ್‌ಗಳು. ಬೇಸಿಗೆಯಲ್ಲಿ ತೊಂದರೆ ಇಲ್ಲ, ಕೆಸರು ಬಿರುಕು ಬಿಟ್ಟು ಹಪ್ಪಳದ ಹಾಗೆ ಏಳುತ್ತದೆ, ಗುದ್ದಲಿಯಲ್ಲಿ ಎತ್ತಬಹುದು. ಮಳೆ ಹಿಡಿದರೆ ಮುಗೀತು. ಜೂನ್‌ನಲ್ಲಿ ಬಿಟ್ಟದ್ದು ಸೆಪ್ಟೆಂಬರ್ ಆದರೂ ಗಂಜಿ. ಹೊಸ ಕೆಸರು ಬಿಡಲು ಜಾಗ ಇಲ್ಲದೆ ಆಪರೇಟರ್‌ಗಳು ಅದನ್ನು ಟ್ಯಾಂಕಿನಲ್ಲೇ ಇಟ್ಟುಕೊಳ್ಳುತ್ತಾರೆ, ಆಮೇಲೆ ಹೊರಗೆ ಹೋಗುವ ನೀರಿನ ಜೊತೆ ಅದೂ ಹೊರಟುಬಿಡುತ್ತದೆ.

ಕನ್ಸಲ್ಟೆಂಟ್ ಕೊಟ್ಟ ಪ್ಲಾನ್ ಹೀಗಿದೆ: ಮೇಲಿನ ಅಂತಸ್ತಿನಲ್ಲಿ ಕೆಸರನ್ನು ಜೋರಾಗಿ ತಿರುಗಿಸಿ ನೀರು ತೆಗೆಯುವ ಎರಡು ಸೆಂಟ್ರಿಫ್ಯೂಜ್ (ಒಂದು ಓಡಲು, ಒಂದು ಸ್ಟ್ಯಾಂಡ್‌ಬೈ), ಕೆಳಗೆ ಟಿಪ್ಪರ್ ನಿಲ್ಲಲು ಜಾಗ, ಪಕ್ಕದಲ್ಲಿ ಪಾಲಿ (ಕೆಸರು ಗಂಟುಗೂಡಲು ಹಾಕುವ ಪಾಲಿಮರ್ ಪುಡಿ) ರೂಮು ಮತ್ತು ವಿದ್ಯುತ್ ಪ್ಯಾನಲ್ ರೂಮು, ಮೇಲೆ ತಗಡಿನ ಚಾವಣಿ. ಎಲಿವೇಶನ್ ಚೆನ್ನಾಗಿದೆ, ಮುಂದೆ ಗಾರ್ಡನ್ ಕೂಡ ಹಾಕಿದ್ದಾರೆ. ಕಂಬ, ತೊಲೆ, ಸ್ಟೀಲು ಎಲ್ಲ ನಾನು ನೋಡಬಲ್ಲೆ. ಒಳಗೆ ನಡೆಯುವ ಕೆಲಸ ನನಗೆ ಗೊತ್ತಿಲ್ಲ. ಇಂಥ ಕಟ್ಟಡದಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ, ಏನು ಬಿಟ್ಟುಹೋಗಿರುತ್ತದೆ?

ಹಳೇ ಫಿಟ್ಟರ್:

ಮೇಡಂ, ಕೇಳಿದಿರಲ್ಲ, ಅದೇ ದೊಡ್ಡದು. ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ನಾನು 19 ವರ್ಷ ಇಂಥ ಮೆಷಿನ್‌ಗಳ ಜೊತೆ ಇದ್ದೆ, ಊರು, ಕಂಪನಿ ಹೆಸರು ಬೇಡ.

ಮೊದಲು ಲೆಕ್ಕ ಹಾಕಿ. ಅಂದಾಜಿಗೆ ಒಂದು ಸಾವಿರ ಲೀಟರ್ ಕೊಳಚೆ ನೀರಿಗೆ 200 ಗ್ರಾಂ ಒಣ ಕೆಸರು ಅಂತ ಇಟ್ಟುಕೊಂಡರೆ 12 ಎಂಎಲ್‌ಡಿಗೆ ದಿನಕ್ಕೆ 2.4 ಟನ್. ಆದರೆ ಅದು ಒಣ ಲೆಕ್ಕ. ಟ್ಯಾಂಕಿನಿಂದ ಬರುವಾಗ ನೂರಕ್ಕೆ ಒಂದು ಭಾಗ ಮಾತ್ರ ಕೆಸರು, ಉಳಿದದ್ದು ನೀರು, ಅಂದರೆ 240 ಘನ ಮೀಟರ್ ಬರುತ್ತದೆ. ಸೆಂಟ್ರಿಫ್ಯೂಜ್ ಆಚೆ ಕೇಕ್ (ನೀರು ತೆಗೆದ ಕೆಸರು) 20 ಪರ್ಸೆಂಟ್ ಒಣ ಅಂಶದಲ್ಲಿ ಬಂದರೆ 12 ಟನ್. ಪಾಲಿ ಸರಿ ಇಲ್ಲದೆ 16 ಪರ್ಸೆಂಟ್ ಬಂತು ಅನ್ನಿ, 15 ಟನ್. ಆರು ಟನ್ನಿನ ಟಿಪ್ಪರ್‌ಗೆ ಎರಡು ಟ್ರಿಪ್ ಇದ್ದದ್ದು ಮೂರಾಯಿತು. ನಾಲ್ಕು ಪರ್ಸೆಂಟ್ ಕಾಗದದಲ್ಲಿ ಏನೂ ಅಲ್ಲ, ಡೀಸೆಲ್ ಬಿಲ್‌ನಲ್ಲಿ ಕಾಣುತ್ತದೆ.

ಈಗ ಟಿಪ್ಪರ್ ವಿಷಯಕ್ಕೆ ಬರೋಣ. ಕೇಕ್ ನೀರಿನ ಹಾಗೆ ಹರಡುವುದಿಲ್ಲ, ಸಗಣಿ ಗುಪ್ಪೆಯ ಹಾಗೆ ಬಿದ್ದ ಜಾಗದಲ್ಲೇ ಏಳುತ್ತದೆ. ನಮ್ಮಲ್ಲಿ ಒಂದೇ ಚ್ಯೂಟ್ (ಕೇಕ್ ಬೀಳುವ ಕೊಳವೆ) ಇತ್ತು. ಟಿಪ್ಪರ್ ನಡುವೆ ಗೋಪುರ ಎದ್ದು ಎರಡೂ ಕಡೆ ಹೊರಗೆ ಚೆಲ್ಲುತ್ತಿತ್ತು, ಹಿಂದೆ ಮುಂದೆ ಅರ್ಧ ಟ್ರಾಲಿ ಖಾಲಿ. ಹುಡುಗನೊಬ್ಬ ಗಂಟೆಗೊಮ್ಮೆ ಹತ್ತಿ ಸಲಿಕೆಯಲ್ಲಿ ಎಳೆಯಬೇಕಿತ್ತು. ಮೇಲೆ ಮೆಷಿನ್ ಓಡುತ್ತಿದೆ, ಅವನ ತಲೆ ಮೇಲೇ ಕೇಕ್ ಬೀಳುತ್ತಿದೆ. ಆದ್ದರಿಂದ ಎರಡು ಮೂರು ಕಡೆ ಬೀಳುವ ಹಾಗೆ ಸ್ಕ್ರೂ ಕನ್ವೇಯರ್ ಮತ್ತು ಗೇಟ್ ಕೇಳಿ. ಟಿಪ್ಪರ್ ಒಂದು ಬಾಗಿಲಲ್ಲಿ ಬಂದು ಇನ್ನೊಂದರಲ್ಲಿ ಹೋಗಲಿ. ರಿವರ್ಸ್ ತೆಗೆದುಕೊಂಡೇ ನಮ್ಮಲ್ಲಿ ಎರಡು ಸಲ ಕಂಬಕ್ಕೆ ಗುದ್ದಿದ್ದಾರೆ.

ಆಮೇಲೆ ಮೆಷಿನ್ ಹೊರಗೆ ತರುವ ದಾರಿ. ಒಂದಲ್ಲ ಒಂದು ದಿನ ಒಳಗಿನ ಸ್ಕ್ರೋಲ್ (ಕೇಕ್ ತಳ್ಳುವ ಸುರುಳಿ) ಸವೆದು ಬ್ಯಾಲೆನ್ಸಿಂಗ್‌ಗೆ ಕಳಿಸಲೇಬೇಕು. ಎತ್ತಲು ಮೇಲೆ ಕ್ರೇನ್ ತೊಲೆ, ಇಳಿಸಲು ನೆಲದಲ್ಲಿ ಕಿಂಡಿ, ಕಿಂಡಿಯ ಕೆಳಗೆ ಲಾರಿ ನಿಲ್ಲುವ ಜಾಗ, ಮೂರೂ ಒಂದೇ ನೇರದಲ್ಲಿ ಇರಬೇಕು. ನಾವು ಒಮ್ಮೆ ಗೋಡೆ ಒಡೆದು ತೆಗೆದೆವು. ಮೆಷಿನ್ ಇಟ್ಟ ಮೇಲೆ ಗೋಡೆ ಕಟ್ಟಿದ್ದರು, ಏನು ಹೇಳೋಣ.

ಪಾಲಿ ರೂಮು ಮಳೆಗಾಲದ ದೃಷ್ಟಿಯಿಂದ ನೋಡಿ. ಮೂಟೆಗೆ ತೇವ ತಾಗಿದರೆ ಗಂಟು ಕಟ್ಟುತ್ತದೆ, ದುಡ್ಡು ಹೋಯಿತು. ನೆಲಕ್ಕೆ ಬಿದ್ದ ಪಾಲಿ ಮೇಲೆ ನೀರು ಹಾಕಿದರೆ ಲೋಳೆಸರಕ್ಕಿಂತ ಜಾಸ್ತಿ ಜಾರುತ್ತದೆ. ಮೊದಲು ಗುಡಿಸಿ, ಉಪ್ಪು ಎರಚಿ, ಆಮೇಲೆ ತೊಳೆಯಬೇಕು. ಒಂದು ಮೂಟೆ ಕಲ್ಲುಪ್ಪು ಅಲ್ಲೇ ಇರಲಿ. ನನ್ನ ಎಡ ಮೊಣಕೈ ಮಡಚಿದಾಗ ಈಗಲೂ ಟಕ್ ಅನ್ನುತ್ತದೆ, ಅದು ಪಾಲಿ ರೂಮಿನ ಉಡುಗೊರೆ.

ಸೈಟ್ ಸೂಪರ್‌ವೈಸರ್:

ಗಾರ್ಡನ್ ತೆಗೆದು ಅಲ್ಲಿ ಟಿಪ್ಪರ್ ತಿರುಗಿಸಿ. ಗುಲಾಬಿ ವಾಸನೆ ಅಲ್ಲಿ ಹೇಗೂ ಗೆಲ್ಲಲ್ಲ.

ಮಿಲ್ವಾಕೀ ಮಾವ:

ಮೇಲಿನವರ ಮಾತು ನಗು ತರಿಸಿತು, ಆದರೆ ವಾಸನೆ ಸಣ್ಣ ವಿಷಯ ಅಲ್ಲ. ನಾನು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಇಂಥ ಕಟ್ಟಡಗಳ ಗಾಳಿ ವ್ಯವಸ್ಥೆ ಡಿಸೈನ್ ಮಾಡುತ್ತೇನೆ, ಊರು ಹಾಸನದ ಹತ್ತಿರ.

ಕೆಸರು ಗಾಳಿ ಇಲ್ಲದೆ ಕೂತರೆ ಹೈಡ್ರೋಜನ್ ಸಲ್ಫೈಡ್ ಬರುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆ ವಾಸನೆ. ಸುಮಾರು 100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 100 ಭಾಗ) ದಾಟಿದರೆ ಮೂಗು ಸತ್ತುಹೋಗುತ್ತದೆ, ವಾಸನೆಯೇ ಬರಲ್ಲ, ಆಗ ಪ್ರಾಣಕ್ಕೆ ಅಪಾಯ. ವಾಸನೆ ಹೋಯ್ತು ಅಂತ ಒಳಗೆ ಇಳಿದವರೇ ಸಾಯುವುದು. ಅದು ಗಾಳಿಗಿಂತ ಭಾರ. ಅದಕ್ಕೆ ಗಾಳಿ ಹೊರಗೆ ಎಳೆಯುವ ಬಾಯಿ ನೆಲದ ಹತ್ತಿರವೂ ಇರಬೇಕು, ಬರೀ ಚಾವಣಿಗೆ ಫ್ಯಾನ್ ಹಾಕಿದರೆ ಸಾಲದು. ಎಳೆದ ಗಾಳಿಯನ್ನು ಹಾಗೇ ಪಕ್ಕದ ಲೇಔಟ್ ಕಡೆ ಬಿಡಬೇಡಿ. ಮರದ ಚೂರು, ತೆಂಗಿನ ನಾರು ತುಂಬಿದ ಬಯೋಫಿಲ್ಟರ್ ಮೂಲಕ ಬಿಟ್ಟರೆ ಸೂಕ್ಷ್ಮಜೀವಿಗಳು ತಿಂದುಹಾಕುತ್ತವೆ. ಮಲೆನಾಡಿನ ತೇವಕ್ಕೆ ಚೆನ್ನಾಗಿಯೇ ಹೊಂದುತ್ತದೆ.

ಅದೇ ಅನಿಲ ತೇವದ ಗೋಡೆ ಮೇಲೆ ಬ್ಯಾಕ್ಟೀರಿಯಾ ಕೈಯಲ್ಲಿ ಗಂಧಕಾಮ್ಲ ಆಗಿ ಕಾಂಕ್ರೀಟ್ ತಿನ್ನುತ್ತದೆ, ಸಾದಾ ತಗಡನ್ನೂ ಬಿಡಲ್ಲ. ವಿದ್ಯುತ್ ಪ್ಯಾನಲ್ ಒಳಗಿನ ತಾಮ್ರವನ್ನು ಕಪ್ಪು ಮಾಡುತ್ತದೆ. ಪ್ಯಾನಲ್ ರೂಮಿಗೂ ಮೆಷಿನ್ ಹಾಲ್‌ಗೂ ನಡುವೆ ಬಾಗಿಲು ಇದ್ದರೆ ಈಗಲೇ ತೆಗೆಸಿ, ಹೊರಗಿನಿಂದ ಬಾಗಿಲು ಕೊಡಿ, ಒಳಗೆ ಶುದ್ಧ ಗಾಳಿ ತಳ್ಳುತ್ತಾ ಇರಿ. ಇಲ್ಲದಿದ್ದರೆ ಮೆಷಿನ್ ನಿಯಂತ್ರಿಸುವ ಪಿಎಲ್‌ಸಿ ಕಾರ್ಡ್‌ಗಳು ಸುಮ್ನೆ ಒಂದೊಂದಾಗಿ ಸಾಯುತ್ತವೆ, ಕಾರಣ ಯಾರಿಗೂ ಹೊಳೆಯಲ್ಲ.

ಮುಖ್ಯವಾದದ್ದು ಇನ್ನೊಂದಿದೆ. ಕೇಕ್ ಎಲ್ಲಿಗೆ ಹೋಗುತ್ತದೆ? ಪ್ರಶ್ನೆಯಲ್ಲಿ ಕಾಣಲಿಲ್ಲ. ನಮ್ಮ ಮಿಲ್ವಾಕೀಯಲ್ಲಿ 1926ರಿಂದ ಕೆಸರನ್ನು ಒಣಗಿಸಿ ಕಾಳು ಮಾಡಿ ಮಿಲೋರ್ಗನೈಟ್ ಅಂತ ಚೀಲದಲ್ಲಿ ಮಾರುತ್ತಾರೆ, ಜನ ಹುಲ್ಲುಹಾಸಿಗೆ ಹಾಕುತ್ತಾರೆ. ಅದೇ ದೇಶದ ಮೇನ್ ರಾಜ್ಯ 2022ರಲ್ಲಿ ಹೊಲಕ್ಕೆ ಕೆಸರು ಹಾಕುವುದನ್ನೇ ನಿಷೇಧಿಸಿತು, ಪಿಫಾಸ್ ಅನ್ನುವ, ಸುಲಭಕ್ಕೆ ಕೊಳೆತು ನಾಶವಾಗದ ರಾಸಾಯನಿಕಗಳು ಮಣ್ಣಿನಲ್ಲಿ, ಬಾವಿಯಲ್ಲಿ ಸಿಕ್ಕಿದ್ದವು. ಅಹಮದಾಬಾದಿನಲ್ಲಿ ಬಾರ್ಕ್ (ಭಾಭಾ ಅಣು ಸಂಶೋಧನಾ ಕೇಂದ್ರ) ತಂತ್ರಜ್ಞಾನದಲ್ಲಿ ಒಣ ಕೆಸರಿಗೆ ಕೋಬಾಲ್ಟ್-60ರ ಗಾಮಾ ಕಿರಣ ಕೊಟ್ಟು ರೋಗಾಣು ಸಾಯಿಸುವ, ದಿನಕ್ಕೆ 100 ಟನ್ನಿನ ಘಟಕ ಇದೆ. ನೀವು ಅಷ್ಟು ದೂರ ಹೋಗಬೇಕಿಲ್ಲ. ಆದರೆ ಗೊಬ್ಬರಕ್ಕಾ, ಗುಂಡಿಗಾ, ಸಿಮೆಂಟ್ ಕಾರ್ಖಾನೆಗಾ ಅನ್ನುವುದು ತೀರ್ಮಾನ ಆಗದೆ ಕಟ್ಟಡದ ಅಳತೆಯೇ ಬರುವುದಿಲ್ಲ.

ದೇವನಹಳ್ಳಿ ತೋಟ:

ನಾನು ಇಂಜಿನಿಯರ್ ಅಲ್ಲ, ಗೊಬ್ಬರ ತಗೊಳ್ಳೋ ಕಡೆಯವನು. ನಮ್ಮ ಊರಲ್ಲಿ 2015ರಿಂದ ಶೌಚಗುಂಡಿ ಕೆಸರಿನ ಘಟಕ ಇದೆ, ಸಣ್ಣದು, ಬೆಡ್‌ಗಳಲ್ಲಿ ಒಣಗಿಸುತ್ತಾರೆ. ಅದಕ್ಕೂ ಮೊದಲು ಟ್ಯಾಂಕರ್‌ನವರು ನೇರ ತೋಟಕ್ಕೇ ಬಿಡುತ್ತಿದ್ದರು, ನಾವೂ ಬಿಡಿಸಿಕೊಂಡಿದ್ದೇವೆ. ಬಾಳೆಗೆ ಬಂಗಾರ, ಸುಳ್ಳು ಹೇಳಲ್ಲ.

ಬೇರೆ ಒಂದು ಕಡೆಯಿಂದ ಒಮ್ಮೆ ಕೇಕ್ ತರಿಸಿದೆ. ಹರಡಿದ ಮೇಲೆ ನೋಡಿದರೆ ಶಾಂಪೂ ಸ್ಯಾಷೆ, ಕೂದಲ ಉಂಡೆ, ಕಿವಿಗೆ ಹಾಕೋ ಕಡ್ಡಿ. ಕೂಲಿಗೆ ಬಂದ ಹೆಂಗಸರು ಕೈ ಹಾಕಲ್ಲ ಅಂತ ಎದ್ದು ಹೋದರು, ತಪ್ಪೇನು. ಹದಿನೈದು ದಿನ ಬಿಟ್ಟು ತೋಟದ ತುಂಬ ಟೊಮೆಟೊ ಸಸಿ! ನಾನು ಹಾಕಿದ್ದಲ್ಲ. ಊರಿನವರೆಲ್ಲ ತಿಂದ ಸಾರಿನ ಬೀಜ, ಹೊಟ್ಟೆ, ಪೈಪು, ಮೆಷಿನ್ ಎಲ್ಲ ದಾಟಿ ಬಂದಿದೆ. ಬೀಜ ಸಾಯದಿದ್ದರೆ ಜಂತುಹುಳದ ಮೊಟ್ಟೆ ಸತ್ತಿರುತ್ತಾ? ಅದಕ್ಕೆ ಈಗ ಯಾರು ಗೊಬ್ಬರ ಅಂದರೂ ಒಂದು ಬುಟ್ಟಿ ತಂದು ನೀರು ಚಿಮುಕಿಸಿ ಮೊದಲು ಟೊಮೆಟೊ ಬರುತ್ತಾ ನೋಡುತ್ತೇನೆ. ಬಂದರೆ ವಾಪಸ್.

ಹಳೇ ಫಿಟ್ಟರ್:

ತೋಟದವರು ಹೇಳಿದ್ದು ಸರಿ. ಸೆಂಟ್ರಿಫ್ಯೂಜ್ ನೀರು ತೆಗೆಯುತ್ತದೆ ಅಷ್ಟೇ, ರೋಗ ತೆಗೆಯಲ್ಲ. ಸ್ಯಾಷೆ ಬಂದದ್ದು ಇನ್ಲೆಟ್ ಸ್ಕ್ರೀನ್ (ಒಳಬರುವ ನೀರಿನ ಕಸ ತಡೆಯುವ ಜಾಲರಿ) ನೋಡಿಕೊಳ್ಳುವವರ ಬೇಜವಾಬ್ದಾರಿ. ಗೊಬ್ಬರ ಮಾಡಬೇಕಾದರೆ ಹಸಿ ಕಸ ಅಥವಾ ಮರದ ಹೊಟ್ಟು ಸೇರಿಸಿ ಗುಡ್ಡೆ ಹಾಕಿ, ಮಗುಚುತ್ತಾ 15 ದಿನ 55 ಡಿಗ್ರಿ ಮೇಲೆ ಇರಬೇಕು. ಅದಕ್ಕೆ ಚಾವಣಿ ಇರುವ ದೊಡ್ಡ ಶೆಡ್ ಬೇಕು. ಮಳೆಯಲ್ಲಿ ನೆನೆದ ಗುಡ್ಡೆ ಬಿಸಿಯೇ ಏರಲ್ಲ.

ಮಿಲ್ವಾಕೀ ಮಾವ:

ಟೊಮೆಟೊ ಪರೀಕ್ಷೆ ಇಷ್ಟವಾಯಿತು, ಆದರೆ ಟೊಮೆಟೊಗೆ ಕ್ಯಾಡ್ಮಿಯಂ ಗೊತ್ತಾಗಲ್ಲ ಅಣ್ಣ. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಸಾವಯವ ಕಾಂಪೋಸ್ಟ್‌ನಲ್ಲಿ ಕೆಜಿಗೆ ಕ್ಯಾಡ್ಮಿಯಂ 5 ಮಿಲಿಗ್ರಾಂ, ಸೀಸ 100, ಸತು 1000 ದಾಟಬಾರದು. ಮೇಡಂ, ನಿಮ್ಮ ಒಳಚರಂಡಿಗೆ ಪ್ಲೇಟಿಂಗ್ ಅಂಗಡಿ, ಬ್ಯಾಟರಿ ಗುಜರಿಯವರು ಸೇರಿಕೊಂಡಿದ್ದರೆ ಕಟ್ಟಡ ಎಷ್ಟು ಒಳ್ಳೆಯದಾದರೂ ಗೊಬ್ಬರ ಫೇಲ್. ಈಗ ಬೆಡ್ ಮೇಲೆ ಒಣಗಿರುವುದನ್ನೇ ಲ್ಯಾಬ್‌ಗೆ ಕಳಿಸಿ ನೋಡಿ.

ಮಲೆನಾಡ ಸಿವಿಲ್:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಡಿಪಿಆರ್ (ಯೋಜನೆಯ ವಿವರ ವರದಿ) ತೆಗೆದು ಮತ್ತೆ ಓದಿದೆ. ಕೇಕ್ ಎಲ್ಲಿಗೆ ಅನ್ನುವುದಕ್ಕೆ ಒಂದೇ ಸಾಲು ಇದೆ: 'ಸೂಕ್ತ ರೀತಿಯಲ್ಲಿ ವಿಲೇವಾರಿ ಮಾಡುವುದು.' ಎಲಿವೇಶನ್ ಬಣ್ಣಕ್ಕೆ ಎರಡು ಪುಟ ಇದೆ. ಪ್ಯಾನಲ್ ರೂಮಿಗೆ ಹಾಲ್ ಒಳಗಿನಿಂದಲೇ ಬಾಗಿಲು, ಮಾವ ಹೇಳಿದ ಹಾಗೇ. ನೆಲದ ಕಿಂಡಿ ಇದೆ, ಆದರೆ ಅದರ ಕೆಳಗೆ ಪಾಲಿ ರೂಮು ಬಂದಿದೆ.

ಬೆಡ್‌ನ ಸ್ಯಾಂಪಲ್ ಕಳಿಸುತ್ತಿದ್ದೇನೆ. ಕಾಂಪೋಸ್ಟ್ ಶೆಡ್‌ಗೆ ಹಳೇ ಬೆಡ್‌ಗಳಲ್ಲಿ ಅರ್ಧಕ್ಕೆ ಚಾವಣಿ ಹಾಕಿದರೆ ಆಗುತ್ತದಾ ಅಂತ ನೋಡಬೇಕು, ತಳದಲ್ಲಿ ನೀರು ಬಸಿಯುವ ಪೈಪು ಹೇಗೂ ಇದೆ. ಸೋಮವಾರ ಕನ್ಸಲ್ಟೆಂಟ್ ಬರುತ್ತಾರೆ. ಫಿಟ್ಟರ್ ಸರ್, ಟಿಪ್ಪರ್ ಬಾಗಿಲಿನ ಎತ್ತರ 3.6 ಮೀಟರ್ ಕೊಟ್ಟಿದ್ದಾರೆ, ಸಾಕಾ?

ಹಳೇ ಫಿಟ್ಟರ್:

ನಿಮ್ಮಲ್ಲಿರುವ ಟಿಪ್ಪರ್ ತರಿಸಿ, ಮೇಲೆ ಗುಪ್ಪೆ ತುಂಬಿಸಿ, ನೆಲದಿಂದ ತುದಿವರೆಗೆ ಅಳೆಯಿರಿ. ತಾರ್ಪಾಲು ಹೊದಿಸಲು ಮೇಲೆ ಹತ್ತಿದ ಹುಡುಗನನ್ನೂ ಸೇರಿಸಿ.