ಕಪ್ಪು-ಬಿಳುಪು ಫೋಟೋ ತೋರಿಸಿದೆ, ‘ಟೋನ್ ಇಲ್ಲ’ ಅಂದರು. ಇದರಿಂದ ನಾನು ಏನು ತಿಳ್ಕೊಳ್ಳಲಿ?

ಅರಸೀಕೆರೆ ಹುಡುಗಿ:

ಹೋದ ತಿಂಗಳು ಒಂದು ಭಾನುವಾರ ಬೆಳಗಿನ ಜಾವ ಐದೂವರೆಗೆ ಬೆಂಗಳೂರಿನ ಕೆ.ಆರ್. ಮಾರ್ಕೆಟ್‌ಗೆ ಹೋಗಿದ್ದೆ. ಹೂವಿನ ಸಾಲಿನಲ್ಲಿ ಒಬ್ಬರು ಅಜ್ಜಿ ಕೂತಿದ್ದರು. ಮುಂದೆ ಕೆಂಪು ಗುಲಾಬಿ ರಾಶಿ, ಎಲೆ ಕಡ್ಡಿ ಸಮೇತ. ತಲೆ ಮೇಲೆ ಒಂದೇ ಬಲ್ಬು. ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಗಂಟು ಹಾಕುತ್ತಿದ್ದರು. ಕೇಳಿಯೇ ಫೋಟೋ ತೆಗೆದೆ. ಮನೆಗೆ ಬಂದು ಕಪ್ಪು-ಬಿಳುಪು ಮಾಡಿದೆ. ಮಾಡಿದೆ ಅಂದರೆ, ಆ್ಯಪ್‌ನಲ್ಲಿ ‘ಮೋನೋ’ ಒತ್ತಿದೆ, ಅಷ್ಟೇ.

ಮನೆಯವರ ಗ್ರೂಪಿಗೆ ಹಾಕಿದರೆ 14 ಹೆಬ್ಬೆಟ್ಟು, ಅತ್ತೆಯಿಂದ ಒಂದು ‘ಸೂಪರ್ ಕಣೇ’. ಅದೇ ಖುಷಿಯಲ್ಲಿ ಒಂದು ಫೋಟೋ ಕ್ಲಬ್ಬಿನ ಸಭೆಗೆ ತಗೊಂಡು ಹೋದೆ. ನನ್ನ ಫೋಟೋ ಪರದೆ ಮೇಲೆ ಹತ್ತು ಸೆಕೆಂಡು ಇತ್ತೋ ಇಲ್ಲವೋ. ‘ಟೋನ್ ಇಲ್ಲ. ನೆಕ್ಸ್ಟ್’ ಅಂದರು. ಆಮೇಲೆ ಟೀ ಹೊತ್ತಲ್ಲಿ ಒಬ್ಬರು ಕಾಂಟ್ರಾಸ್ಟ್, ಅಂದರೆ ಕಪ್ಪು-ಬಿಳಿ ನಡುವಿನ ಅಂತರ, ಏರಿಸಿ ಅಂದರು. ಇನ್ನೊಬ್ಬರು ಈಗಲೇ ಜಾಸ್ತಿ ಆಗಿದೆ, ಇಳಿಸಿ ಅಂದರು. ಮೂರನೆಯವರು ಯಾವ ಕ್ಯಾಮೆರಾ ಅಂತ ಕೇಳಿ ಬಿಸ್ಕತ್ತು ತಗೊಂಡರು.

ಬೇಜಾರು ಬೈದಿದ್ದಕ್ಕಲ್ಲ. ಬೈಗುಳದಲ್ಲಿ ಹಿಡ್ಕೊಳ್ಳೋಕೆ ಏನೂ ಸಿಗಲಿಲ್ಲ, ಅದಕ್ಕೆ. ಮತ್ತೆ ನಾನೂ ಸಾಚಾ ಅಲ್ಲ. ಚಿಕ್ಕಪ್ಪನ ಮಗ ಅವನ ಫೋಟೋ ಕಳಿಸಿ ಹೆಂಗಿದೆ ಅಂದಾಗ ‘ಸಕತ್’ ಅಂತ ಬರೆದು ಮುಗಿಸಿದೆ. ಬೇರೆ ಏನು ಬರೀಬೇಕು ಅಂತ ಗೊತ್ತಾಗಲಿಲ್ಲ. ನೀವೆಲ್ಲ ಏನು ಬರೀತೀರಿ? ಫೋಟೋ ಕೆಳಗೆ ಹಾಕಿದ್ದೇನೆ.

ಸಂತೆಪೇಟೆ:

ಕಲರ್‌ದೂ ಹಾಕಿ. ಅದನ್ನು ನೋಡದೆ ಏನು ಹೇಳೋದು?

ಅರಸೀಕೆರೆ ಹುಡುಗಿ:

ಹಾಕಿದೆ.

ಡಾರ್ಕ್‌ರೂಮ್ ಮಾವ:

ಈಗ ಗೊತ್ತಾಯಿತು. ಕಪ್ಪು-ಬಿಳುಪಿನದ್ದನ್ನು ನೋಡಿದಾಗ ನನಗೆ ಆ ರಾಶಿ ಗುಲಾಬಿ ಅಂತಲೇ ತಿಳಿಯಲಿಲ್ಲ. ಸೊಪ್ಪು ಅಂದುಕೊಂಡೆ. ಕೆಂಪು, ಹಸಿರು ಎರಡೂ ಒಂದೇ ಬೂದಿ ಬಣ್ಣಕ್ಕೆ ಬಂದು ಕೂತಿವೆ. ಹೂವು ಎಲ್ಲಿ ಮುಗೀತು, ಎಲೆ ಎಲ್ಲಿ ಶುರುವಾಯಿತು ಅಂತ ಕಾಣಲ್ಲ. ಟೋನ್ ಅಂದರೆ ಕಪ್ಪಿಂದ ಬಿಳಿವರೆಗಿನ ಬೂದಿಯ ಮೆಟ್ಟಿಲುಗಳು. ‘ಟೋನ್ ಇಲ್ಲ’ ಅಂದವರು ಬಹುಶಃ ಇದನ್ನೇ ನೋಡಿರಬೇಕು. ಬೆರಳಿಟ್ಟು ತೋರಿಸೋ ವ್ಯವಧಾನ ಇರಲಿಲ್ಲ ಅಷ್ಟೇ.

ಕಾಂಟ್ರಾಸ್ಟ್ ಏರಿಸಿದರೂ ಇಳಿಸಿದರೂ ಇದು ಸರಿಹೋಗಲ್ಲ. ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳೀತಾವೆ. ಬಣ್ಣಗಳನ್ನು ಬೇರೆ ಬೇರೆ ಎಳೆಯಬೇಕು. ನಿಮ್ಮ ಆ್ಯಪ್‌ನಲ್ಲಿ ಕಪ್ಪು-ಬಿಳುಪಿನ ಒಳಗೆ ಕೆಂಪು, ಹಳದಿ, ಹಸಿರು ಅಂತ ಸ್ಲೈಡರ್ ಇದೆಯಾ ನೋಡಿ. ನಾವು ಲೆನ್ಸ್ ಮುಂದೆ ಗಾಜಿನ ಫಿಲ್ಟರ್ ಹಾಕಿ ಮಾಡುತ್ತಿದ್ದ ಕೆಲಸ ಅದು. ಕೆಂಪು ಫಿಲ್ಟರ್ ಹಾಕಿದರೆ ಕೆಂಪು ತಿಳಿಯಾಗುತ್ತೆ, ನೀಲಿ ಆಕಾಶ ಕಪ್ಪಾಗುತ್ತೆ. ಹಳೇ ಕಾಲದ ಆರ್ಥೋ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಆ ಫಿಲ್ಮಲ್ಲಿ ತೆಗೆದ ಮದುವೆ ಫೋಟೋಗಳಲ್ಲಿ ಕುಂಕುಮ ಕಾಡಿಗೆ ಥರ ಕಪ್ಪಗೆ ಇರುತ್ತೆ.

ನಾನು 1983ರಲ್ಲಿ ಶಿವಮೊಗ್ಗದ ಒಂದು ಸ್ಟುಡಿಯೋ ಸೇರಿದೆ. ನೆಗೆಟಿವ್ ತೊಳೆಯೋ ಹುಡುಗ. ಮೊದಮೊದಲು ಪ್ರಿಂಟ್‌ಗಳೆಲ್ಲ ಮಂಕಾಗಿ ಬರುತ್ತಿದ್ದವು. ಓನರ್ ಬೈಯಲಿಲ್ಲ. ‘ಯಾವಾಗ ಎತ್ತಿದೆ?’ ಅಂತ ಕೇಳಿದರು. ಕೆಂಪು ಲೈಟಿನ ಕೆಳಗೆ ಪ್ರಿಂಟ್ ಇರೋದಕ್ಕಿಂತ ಕಪ್ಪಗೆ ಕಾಣುತ್ತೆ. ಹೆದರಿ ಡೆವಲಪರ್‌ನಿಂದ, ಅಂದರೆ ಚಿತ್ರ ಮೂಡಿಸೋ ರಾಸಾಯನಿಕದಿಂದ, ಬೇಗ ಎತ್ತಿಬಿಡುತ್ತಿದ್ದೆ. ಅವರು ಗೋಡೆ ಗಡಿಯಾರ ತೋರಿಸಿ, ಎರಡು ನಿಮಿಷ ಕೈ ಕಟ್ಟಿ ನಿಂತ್ಕೋ ಅಂದರು. ಅಷ್ಟೇ ಪಾಠ.

ಇನ್ನೊಂದು ಅಭ್ಯಾಸ ಇತ್ತು ಅವರಿಗೆ. ಒದ್ದೆ ಪ್ರಿಂಟ್ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ನೀರಲ್ಲಿದ್ದಾಗ ಎಲ್ಲ ಪ್ರಿಂಟೂ ಚಂದ. ಒಣಗಿದ ಮೇಲೆ ಬಿಳಿಯ ಹೊಳಪು ಒಂದು ಕೂದಲೆಳೆ ಇಳಿಯುತ್ತೆ. ಮಾರನೇ ದಿನ ತಲೆಕೆಳಗೆ ಹಿಡಿದು ನೋಡುತ್ತಿದ್ದರು. ತಲೆಕೆಳಗೆ ಮಾಡಿದರೆ ಮುಖ ಮುಖ ಅನ್ನಿಸಲ್ಲ, ಬರೀ ಕಪ್ಪು ಬಿಳಿ ತುಂಡುಗಳು ಕಾಣುತ್ತವೆ. ‘ಕಣ್ಣು ಮೊದಲು ಎಲ್ಲಿಗೆ ಹೋಯ್ತು?’ ಅಂತ ನನ್ನನ್ನೇ ಕೇಳುವರು. ನಿಮ್ಮ ಫೋಟೋ ಹಾಗೆ ತಿರುಗಿಸಿದೆ. ನನ್ನ ಕಣ್ಣು ಹೋಗಿದ್ದು ಹಿಂದಿನ ಪ್ಲಾಸ್ಟಿಕ್ ಚೀಲಕ್ಕೆ. ಅಲ್ಲೇ ಜಾಸ್ತಿ ಬಿಳಿ ಇರೋದು. ಆ ಮೂಲೆ ಕಪ್ಪು ಮಾಡಿ. ಬಾಯಲ್ಲಿ ಕಚ್ಚಿದ ದಾರ ಮಾತ್ರ ಬಲೇ ಚೆನ್ನಾಗಿ ಬಂದಿದೆ. ಅದನ್ನು ಯಾರೂ ಹೇಳಲಿಲ್ಲವಾ?

ಬೆಳಕಿನ ಬಗ್ಗೆಯೂ ಯಾರೂ ಕೇಳಿದಂತಿಲ್ಲ. ನಮ್ಮ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ ಹಿಂದಿ ಸಿನಿಮಾ ‘ಕಾಗಜ್ ಕೆ ಫೂಲ್’ನಲ್ಲಿ ಸ್ಟುಡಿಯೋ ಒಳಗೆ ಬೆಳಕಿನ ಕೋಲು ಇಳಿಸಿದ್ದು ಕನ್ನಡಿ ಹಿಡಿದು, ಹೊರಗಿನ ಬಿಸಿಲನ್ನು ಒಳಗೆ ತಿರುಗಿಸಿ. ನಿಮ್ಮ ಬಲ್ಬು ನೆತ್ತಿ ಮೇಲಿದೆ, ಅದಕ್ಕೇ ಅಜ್ಜಿಯ ಕಣ್ಣು ಗುಳಿಗೆ ಬಿದ್ದಿವೆ. ಮುಂದಿನ ಸಲ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ತೆಗೆಯಿರಿ.

ಎಣ್ಣೆಗಪ್ಪು:

ಮಾವ ಹೇಳಿದ್ದಕ್ಕೆ ಒಂದು ಸೇರಿಸ್ತೇನೆ. ‘ಮುಖ ಕಪ್ಪಾಯ್ತು, ಬೆಳ್ಳಗೆ ಮಾಡಿ’ ಅಂತ ಯಾರಾದರೂ ಹೇಳಿದರೆ ತಕ್ಷಣ ಕೇಳಬೇಡಿ. ನಮ್ಮಪ್ಪನ ಫೋಟೋ ಹಾಕಿದಾಗ ಆರು ಜನ ಇದನ್ನೇ ಬರೆದರು. ನಮ್ಮಪ್ಪ ಕಪ್ಪೇ. ಗದ್ದೆಯಲ್ಲಿ ನಲವತ್ತು ವರ್ಷ ದುಡಿದ ಮೈ. ಕ್ಯಾಮೆರಾದ ಬೆಳಕು ಅಳೆಯೋ ಮೀಟರ್, ಅದಕ್ಕೆ ಏನು ತೋರಿಸಿದರೂ ಅದನ್ನು ನಡು ಬೂದಿಗೆ ತಂದು ನಿಲ್ಲಿಸುತ್ತೆ. ಅಪ್ಪನ ಮುಖ ಬೂದಿ ಆಗಬಾರದು ಅಂತ ನಾನೇ ಒಂದು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕೆ, ಇಳಿಸಿದ್ದೆ.

ಸಿಟ್ಟಲ್ಲಿ ಒಬ್ಬರಿಗೆ ಕೇಳಿದೆ: ‘ಮುಖದಲ್ಲಿ ಏನು ಕಾಣ್ತಿಲ್ಲ ನಿಮಗೆ?’ ಅವರು ಇನ್ನೊಂದು ಸಲ ನೋಡಿ ‘ಎಡಗಣ್ಣು’ ಅಂದರು. ನೋಡಿದರೆ ನಿಜ! ಎಡಗಣ್ಣಷ್ಟೇ ಸ್ವಲ್ಪ ಎತ್ತಿದೆ, ಕೆನ್ನೆ ಮುಟ್ಟಲಿಲ್ಲ. ಅವರು ಹೇಳಿದ ಮದ್ದು ತಪ್ಪು, ನೋವು ಮಾತ್ರ ನಿಜವಾಗಿತ್ತು.

ಚಿಕ್ಕಪ್ಪನ ಮಗನಿಗೂ ಅದೇ ಮಾಡಿ. ‘ಸಕತ್’ ಬೇಡ. ಮೊದಲು ಏನು ಕಂಡಿತು, ಯಾವುದು ಗೊತ್ತಾಗಲಿಲ್ಲ, ಅಷ್ಟು ಬರೆದರೂ ಅವನಿಗೆ ಬೇಕಾದಷ್ಟಾಯಿತು. ಫೋನಿನ ಬ್ರೈಟ್‌ನೆಸ್ ಪೂರ್ತಿ ಇಳಿಸಿಕೊಂಡು ‘ಡಾರ್ಕ್ ಆಯ್ತು’ ಅನ್ನೋ ಜನರೂ ಇದ್ದಾರೆ, ಅದೊಂದು ನೋಡ್ಕೊಳ್ಳಿ.

ಸಂತೆಪೇಟೆ:

ನಂಗೆ ಕಲರ್‌ದೇ ಇಷ್ಟ ಆಯ್ತು. ಗುಲಾಬಿ ಕೆಂಪಿಲ್ಲದೆ ಆ ಫೋಟೋದಲ್ಲಿ ಏನಿದೆ? ಎಲ್ಲದಕ್ಕೂ ಕಪ್ಪು-ಬಿಳುಪು ಯಾಕೆ?

ಅರಸೀಕೆರೆ ಹುಡುಗಿ:

@ಸಂತೆಪೇಟೆ, ಕಲರಲ್ಲಿ ಎಲ್ಲರೂ ಗುಲಾಬಿ ನೋಡ್ತಾರೆ. ನನಗೆ ಆ ಹಲ್ಲು, ದಾರ ಬೇಕಿತ್ತು. ಈಗ ಬರೆಯುವಾಗಲೇ ನನಗೂ ಗೊತ್ತಾಗಿದ್ದು ಇದು. ಕ್ಲಬ್ಬಲ್ಲಿ ಇದನ್ನು ಮೊದಲೇ ಹೇಳಿದ್ದರೆ ಚೆನ್ನಾಗಿತ್ತು.

ಮಾವ, ನೀವು ಹೇಳಿದಂತೆ ಕೆಂಪು ಸ್ಲೈಡರ್ ಮೇಲೆ ಎಳೆದೆ. ಗುಲಾಬಿ ಎಲೆಯಿಂದ ಬಿಡಿಸಿಕೊಂಡು ಎದ್ದು ಬಂತು. ಚೀಲವನ್ನೂ ಕಪ್ಪು ಮಾಡಿದೆ. ಎಂಟು ಇಂಚು ಹತ್ತು ಇಂಚಿನ ಪ್ರಿಂಟ್ ಹಾಕಿಸಿ ಈ ಭಾನುವಾರ ಅಜ್ಜಿಗೇ ಕೊಡೋಣ ಅಂತ ಹೋದೆ. ಅವರು ಕನ್ನಡಕ ಹಾಕ್ಕೊಂಡು, ಬಲ್ಬಿನ ಕೆಳಗೆ ಹಿಡಿದು ತುಂಬಾ ಹೊತ್ತು ನೋಡಿದರು. ತಮ್ಮ ಮುಖದ ಬಗ್ಗೆ ಏನೂ ಅನ್ನಲಿಲ್ಲ. ರಾಶಿ ಮೇಲೆ ಬೆರಳಿಟ್ಟು ಕೇಳಿದರು: ‘ಇದೇನವ್ವ, ನಿನ್ನೆ ಹೂವಾ? ನಾನು ಬಾಡಿದ್ದು ಮಾರಲ್ಲ.’

ನೋಡಿದರೆ ಹೌದು. ಕೆಂಪು ಎತ್ತಿ ಎತ್ತಿ ಗುಲಾಬಿ ಬಿಳಿಚಿಕೊಂಡಿದೆ. ಪಕ್ಕದ ಅಂಗಡಿಯವರೂ ಬಗ್ಗಿ ನೋಡಿ ನಕ್ಕರು.

ಡಾರ್ಕ್‌ರೂಮ್ ಮಾವ:

ಹ್ಹಹ್ಹ! ತಪ್ಪು ನಂದು. ಅಜ್ಜಿ ಹೇಳಿದ್ದೇ ಸರಿ. ಕೆಂಪನ್ನು ಮೊದಲಿದ್ದ ಕಡೆಗೇ ತನ್ನಿ, ಎಲೆಯನ್ನು ತಿಳಿ ಮಾಡಿ. ಎಲೆಗೆ ಹಸಿರಿಗಿಂತ ಹಳದಿ ಸ್ಲೈಡರ್ ಜಾಸ್ತಿ ಕೆಲಸ ಮಾಡುತ್ತೆ, ಅದನ್ನೇ ಮೊದಲು ಮುಟ್ಟಿ. ಕೆಂಪನ್ನು ತೀರಾ ಇಳಿಸಬೇಡಿ, ಮುಖದ ಚರ್ಮವೂ ಅದರ ಜೊತೆ ಕಪ್ಪಾಗುತ್ತೆ. ಹೊಸ ಪ್ರಿಂಟ್ ತಗೊಂಡು ಹೋದಾಗ ಏನಂದರು ಅಂತ ಇಲ್ಲಿ ಬರೀರಿ.

ಅರಸೀಕೆರೆ ಹುಡುಗಿ:

ಆಗಲಿ. ಹಳೇದನ್ನು ಅವರು ವಾಪಸ್ ಕೊಡಲಿಲ್ಲ. ಗಲ್ಲಾಪೆಟ್ಟಿಗೆ ಹಿಂದೆ ಇಟ್ಟುಕೊಂಡಿದ್ದಾರೆ.